ಆಷಾಢದಲ್ಲಿ ಬಂದ ಕಾರು

ಹೋದ ವರ್ಷ ಭದ್ರಾವತಿಯಿಂದ ಹಳೆಯ ಶಿಷ್ಯೆಯೊಬ್ಬಳು ಕರೆದಿದ್ದಳು. ಶಿವಮೊಗ್ಗದಲ್ಲಿ ಬಸ್ಸು ಹತ್ತಿ ಹೊರಟೆ. ಯಾರನ್ನೋ ಇಳಿಸಲು ಬಸ್ಸು ಮಾಚೇನಹಳ್ಳಿಯಲ್ಲಿ ನಿಂತಿತು. ರಸ್ತೆಬದಿಯ ವರ್ಕ್‌ಶಾಪಿನವರು ಆಗ ತಾನೇ ಕಾಯಿಸಿದ ಕಬ್ಬಿಣದ ಪಟ್ಟಿಗಳನ್ನು ಹೊರಗೆ ಹರವಿದ್ದರು. ಅವುಗಳ ಮೇಲೆ ಮಳೆಹನಿ ಬೀಳತೊಡಗಿತು. ಬಿಸಿ ಕಬ್ಬಿಣದ ಮೇಲೆ ನೀರು ಬಿದ್ದಾಗ ಏಳುವ ಒಗರು ವಾಸನೆ ಕಿಟಕಿಯಿಂದ ಒಳಗೆ ಬಂತು. ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಪಕ್ಕದಲ್ಲಿದ್ದ ಹುಡುಗಿ, ‘ಅಜ್ಜೀ, ವಾಂತಿ ಬರೋ ಹಾಗಿದ್ಯಾ? ಕಿಟಕಿ ಪೂರ್ತಿ ತೆಗೀಲಾ?’ ಅಂದಳು. ‘ಇಲ್ಲಮ್ಮ, ಹಾಕು’ ಅಂದೆ.

ಆ ವಾಸನೆ ನನ್ನ ಮೂಗಿಗೆ ಮೊದಲು ಬಡಿದದ್ದು ಇದೇ ರಸ್ತೆ ಮುಂದೆ ಸಾಗಿ ಜನ್ನಾಪುರದ ಕಡೆಗೆ ತಿರುಗುವಲ್ಲಿ, ನಜ್ಜುಗುಜ್ಜಾದ ಒಂದು ಕಾರಿನ ಮೂತಿಯ ಮುಂದೆ. ಹೊಸ ಪೈಸೆ ಚಲಾವಣೆಗೆ ಬಂದು ಜನ ಇನ್ನೂ ಆಣೆಯಲ್ಲೇ ಲೆಕ್ಕ ಹಾಕುತ್ತಿದ್ದ ಕಾಲ ಅದು. ಅದರ ಬಗ್ಗೆ ನಾನು ಕೋರ್ಟಿನಲ್ಲಿ ಒಮ್ಮೆ ಹೇಳಿದ್ದೇನೆ. ಮನೆಯಲ್ಲಿ ಯಾರೂ ಹೇಳು ಎಂದು ಕೇಳಲಿಲ್ಲ.

ಆಗ ನಾನು ಭದ್ರಾವತಿಯ ಒಂದು ಪ್ರೈಮರಿ ಶಾಲೆಯಲ್ಲಿ ಮೇಡಂ. ತಂದೆಯ ಮನೆ ಕುಂಸಿಯಲ್ಲಿದ್ದರೂ ಅಲ್ಲಿಂದ ಓಡಾಡುವುದು ಕಷ್ಟವೆಂದು ಶಿವಮೊಗ್ಗದಲ್ಲಿ ಪಾರ್ವತಕ್ಕನ ಮನೆಯಲ್ಲಿದ್ದೆ. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲೇ ಬರುತ್ತಿದ್ದೆ. ಅಕ್ಕನ ಗಂಡ ರುದ್ರಪ್ಪನವರಿಗೆ ಗಾಂಧಿಬಜಾರಿನಲ್ಲಿ ಬಟ್ಟೆ ಅಂಗಡಿ. ಭಾವ ನಗುಮುಖದ ಮನುಷ್ಯ. ಸೀರೆ ಬಿಚ್ಚಿ ತೋರಿಸುವಾಗ ಗಿರಾಕಿಗಿಂತ ಅವರಿಗೇ ಹೆಚ್ಚು ಸಂತೋಷವಾಗುತ್ತಿತ್ತು. ಆ ಮನೆಯಲ್ಲಿ ಕೊನೆಯ ಮಾತು ಭಾವನ ತಾಯಿಯದು. ನಾವೆಲ್ಲ ಅವರನ್ನು ಅತ್ತೆಮ್ಮ ಎನ್ನುತ್ತಿದ್ದೆವು.

ಭದ್ರಾವತಿಯ ಡಾಕ್ಟರ್ ಶೇಷಗಿರಿರಾಯರು ವೃತ್ತಿ ಬಿಟ್ಟು ಮೈಸೂರಿಗೆ ಹೊರಟಿದ್ದರು. ಅವರ ಹತ್ತಿರ ಒಂದು ಸಣ್ಣ ಕಪ್ಪು ಕಾರಿತ್ತು. ಭಾವನಿಗೆ ಅದರ ಮೇಲೆ ಎಷ್ಟೋ ವರ್ಷದ ಕಣ್ಣು. ಡ್ರೈವಿಂಗ್ ಕಲಿತು ಲೈಸೆನ್ಸು ಮಾಡಿಸಿದ್ದೂ ಆ ಆಸೆಯಿಂದಲೇ. ಆದರೆ ಡಾಕ್ಟರು ಹೊರಡುವುದು ಆಷಾಢದಲ್ಲಿ. ‘ಆಮೇಲೆ ಕಾರು ನೋಡ್ಕೊಳ್ಳೋರು ಯಾರು, ಈಗಲೇ ತಗೊಂಡು ಹೋಗಿ’ ಎಂದು ಹೇಳಿ ಕಳಿಸಿದರು.

‘ಆಷಾಢದಲ್ಲಿ ಒಂದು ಪೊರಕೆ ಕೊಳ್ಳೋಲ್ಲ ನಾವು. ನೀನು ಕಾರ್ ತರ್ತೀನಿ ಅಂತೀಯಲ್ಲೋ’ ಅಂದರು ಅತ್ತೆಮ್ಮ.

‘ಅವ್ವಾ, ದಿನ ಗಳಿಗೆ ನೋಡ್ಬೇಡಿ ಅಂತ ಶರಣರೇ ಹೇಳಿದ್ದಾರೆ.’

‘ಶರಣರೇನು ಕಾರ್ ಕೊಂಡಿದ್ರಾ?’

ಅಕ್ಕ ಒಲೆಯ ಮುಂದೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಭಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಅತ್ತೆಮ್ಮನೇ ದಾರಿ ಹುಡುಕಿದರು. ಕಾರು ಬರಲಿ, ನಮ್ಮ ಹೆಸರಿಗೆ ಬರುವುದು ಬೇಡ. ದುಡ್ಡು ಕೊಡುವುದು ಬೇರೆ, ಕೊಳ್ಳುವುದು ಬೇರೆ. ದುಡ್ಡು ಕೊಟ್ಟು ಕಾರು ತಂದು ನಿಲ್ಲಿಸಿಕೊಳ್ಳುವುದು. ಶ್ರಾವಣದ ಮೊದಲ ಸೋಮವಾರ ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕಾಯಿ ಒಡೆದು ಪೂಜೆ ಮಾಡುವುದು. ರಸೀದಿ, ಹೆಸರು ಬದಲಾವಣೆ ಎಲ್ಲ ಅದಾದ ಮೇಲೆ. ‘ಅಲ್ಲೀತನಕ ಅದು ಡಾಕ್ಟರ್ ಕಾರು. ಯಾರಾದ್ರೂ ಕೇಳಿದ್ರೆ ಹಾಗೇ ಹೇಳಿ’ ಅಂದರು.

ಕಾರು ತರುವ ದಿನ ಭಾವ ಸ್ನೇಹಿತರೊಬ್ಬರ ಸ್ಕೂಟರಿನಲ್ಲಿ ಭದ್ರಾವತಿಗೆ ಬಂದರು. ಮನೆಯ ಹೆಣ್ಣುಮಕ್ಕಳು ಒಬ್ಬರಾದರೂ ಜೊತೆಗಿರಲಿ ಎಂದು ಶಾಲೆಯಿಂದ ನನ್ನನ್ನು ಕರೆದುಕೊಂಡು ಡಾಕ್ಟರ ಮನೆಗೆ ಹೋದರು. ಆಷಾಢವಾದ್ದರಿಂದ ಎಲೆ ಅಡಿಕೆ ಇಡಲಿಲ್ಲ, ಕುಂಕುಮ ಕೊಡಲಿಲ್ಲ. ಭಾವ ಹಣವನ್ನು ಕೈಯಿಂದ ಕೈಗೆ ಕೊಟ್ಟರು. ಡಾಕ್ಟರು ಬೀಗದ ಕೈ ನೀಡುತ್ತ, ‘ಇಗೋ ರುದ್ರಪ್ಪನವರೇ, ಇನ್ಮೇಲೆ ಇದು ನಿಮ್ದು’ ಅಂದರು. ಒಳಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ತಕ್ಷಣ, ‘ಶ್ರಾವಣಕ್ಕೆ ನಿಮ್ದು ಅನ್ನಿ. ಆಷಾಢದಲ್ಲಿ ನಾನು ಮನೆಯಿಂದ ಏನೂ ಕಳಿಸಿಕೊಡಲ್ಲ’ ಎಂದು ತಿದ್ದಿದರು. ಎಲ್ಲರೂ ನಕ್ಕೆವು. ಹೊರಡುವಾಗ ಡಾಕ್ಟರು ಎರಡು ಮಾತು ಹೇಳಿದರು. ಇನ್ಶೂರೆನ್ಸ್ ದೀಪಾವಳಿಯ ತನಕ ಇದೆ, ಯೋಚನೆ ಬೇಡ. ಗಾಜು ಒರೆಸುವ ವೈಪರ್ ಮಾತ್ರ ಆಗಾಗ ನಿಂತು ಹೋಗುತ್ತದೆ, ಬೇಗ ರಿಪೇರಿ ಮಾಡಿಸಿ.

ವೈಪರ್ ರಿಪೇರಿಯೂ ಶ್ರಾವಣಕ್ಕೆ ಹೋಯಿತು. ನಮ್ಮದಲ್ಲದ ಕಾರಿಗೆ ನಾವೇಕೆ ಸ್ಪ್ಯಾನರ್ ಹಾಕಿಸಬೇಕು ಎಂಬುದು ಅತ್ತೆಮ್ಮನ ನ್ಯಾಯ. ಅವರು ಆ ಕಾರಿನೊಳಗೆ ಕಾಲಿಡಲಿಲ್ಲ. ಅಕ್ಕನ ಮಕ್ಕಳನ್ನೂ ಹತ್ತಲು ಬಿಡಲಿಲ್ಲ. ಭಾವ ಮಾತ್ರ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಹಳೇ ಪಂಚೆಯ ತುಂಡಿನಿಂದ ಅದನ್ನು ಒರೆಸುತ್ತಿದ್ದರು. ‘ಬೇರೆಯವರ ಕಾರಿಗೆ ಇಷ್ಟು ಚಾಕರಿ ಯಾಕ್ರೀ?’ ಎಂದು ಪಕ್ಕದ ಮನೆಯವರು ಕೆಣಕಿದರೆ, ‘ಎರವಲು ತಂದದ್ದನ್ನ ಚೆನ್ನಾಗಿ ನೋಡ್ಕೋಬೇಕು ಮಾರಾಯ್ರೇ’ ಎಂದು ಕಣ್ಣು ಮಿಟುಕಿಸುತ್ತಿದ್ದರು.

ಆ ಸಲ ಮಳೆ ಬಿಡದೆ ಹೊಯ್ಯುತ್ತಿತ್ತು. ಒಂದು ಮಧ್ಯಾಹ್ನ ಭಾವ ಯಾವುದೋ ಮದುವೆ ಜವಳಿಯ ಆರ್ಡರು ಮಾತಾಡಲು ಭದ್ರಾವತಿಗೆ ಬಂದವರು, ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಕಾರು ನಿಲ್ಲಿಸಿದರು. ‘ರೈಲಿಗೆ ನೆನ್ಕೊಂಡು ಯಾಕೆ ಹೋಗ್ತೀಯ, ಬಾ’ ಅಂದರು. ಜನ್ನಾಪುರದಲ್ಲಿ ಇನ್ನೊಂದು ಮನೆಗೆ ಹೋಗಿ ಬರುವುದಿತ್ತು. ಮುಂದಿನ ಸೀಟಿನಲ್ಲಿ ಅವರ ಪಕ್ಕ ಕೂತೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ವೈಪರ್ ನಿಂತಿತು. ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ಮುಂದಿನದೆಲ್ಲ ಕಲಸಿದ ಹಾಗೆ ಕಾಣುತ್ತಿತ್ತು.

‘ನಿಲ್ಲಿಸಿ ಒರೆಸಿ ಭಾವ’ ಅಂದೆ.

‘ಇನ್ನೇನು, ತಿರುವು ಬಂತು’ ಅಂದರು. ಎಡಗೈ ಸ್ಟಿಯರಿಂಗ್ ಮೇಲಿತ್ತು. ಬಲಗೈಯಲ್ಲಿ ಪಂಚೆಯ ತುಂಡು ಹಿಡಿದು, ಕಿಟಕಿಯಿಂದ ಹೊರಗೆ ಬಾಗಿ ಗಾಜು ಒರೆಸಿದರು. ಬಾಗಿದಾಗ ಕಾರೂ ಆ ಕಡೆಗೆ ಎಳೆಯಿತು. ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಬಿಟ್ಟು ಸೈಕಲ್ಲುಗಳು ಎದುರಿನಿಂದ ಬರುತ್ತಿದ್ದವು. ನನಗೆ ಕಂಡದ್ದು ಒಂದು ಹಳದಿ ಎಣ್ಣೆಬಟ್ಟೆಯ ಟೋಪಿ. ಆಮೇಲೆ ಸದ್ದು. ಆಮೇಲೆ ಕಾರು ಒಂದು ಕಲ್ಲುಕಂಬಕ್ಕೆ ಹೊಡೆದು ನಿಂತಿತು. ಮೂತಿಯಿಂದ ಹಬೆ ಏಳುತ್ತಿತ್ತು, ಮಳೆ ಅದರ ಮೇಲೆ ಬೀಳುತ್ತಿತ್ತು.

ಅವನ ಹೆಸರು ಮುರುಗೇಶ. ಕಾರ್ಖಾನೆಯಲ್ಲಿ ಫಿಟ್ಟರು. ಸೇಲಂ ಕಡೆಯಿಂದ ಬಂದವನು. ಭಾವ ಅವನನ್ನು ಎತ್ತಿ ತಂದು ದಾರಿಯಲ್ಲಿ ಸಿಕ್ಕ ಲಾರಿಯೊಂದಕ್ಕೆ ಹತ್ತಿಸಿಕೊಂಡು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಬಂದರು. ನಾನೂ ಲಾರಿಯಲ್ಲಿದ್ದೆ. ಆತನ ಕಣ್ಣು ಮಾತ್ರ ತೆರೆದಿತ್ತು, ಭಾವನ ಮುಖವನ್ನೇ ನೋಡುತ್ತಿತ್ತು. ದೀಪ ಹಚ್ಚುವ ಮುಂಚೆ ಜೀವ ಹೋಯಿತು.

ಆಸ್ಪತ್ರೆಯ ಜಗಲಿಗೆ ಒಬ್ಬ ಹೆಂಗಸು ಓಡಿಬಂದಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಹಿಂದೆ ಬಂದ ಹುಡುಗಿಯ ಗುರುತು ಹತ್ತಿತು. ನನ್ನ ಮೂರನೇ ತರಗತಿಯ ಸೆಲ್ವಿ. ಅವಳು ನನ್ನನ್ನು ನೋಡಿ, ‘ನಮಸ್ತೇ ಮೇಡಂ’ ಅಂದಳು, ಶಾಲೆಯಲ್ಲಿ ಹೇಳುವ ಹಾಗೆ ರಾಗವಾಗಿ.

ಭಾವ ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಿ, ‘ನಾನೇ ಗುದ್ದಿದ್ದು’ ಅಂದರು. ಪೊಲೀಸರು ಕಾರಿನ ಕಾಗದ ನೋಡಿದರು. ಹೆಸರು ಡಾಕ್ಟರದು, ವಿಮೆಯ ತಾರೀಖು ಇನ್ನೂ ಮುಗಿದಿಲ್ಲ. ಅಷ್ಟಕ್ಕೇ ಬಿಟ್ಟರು. ಅಜಾಗರೂಕತೆಯಿಂದ ಸಾವಿಗೆ ಕಾರಣವಾದದ್ದಕ್ಕೆ ಕೇಸು ಹಾಕಿದರು. ಮ್ಯಾಜಿಸ್ಟ್ರೇಟರ ಮುಂದೆ ಭಾವ ತಪ್ಪು ಒಪ್ಪಿಕೊಂಡರು. ಮೊದಲ ತಪ್ಪು, ತಾನೇ ಆಸ್ಪತ್ರೆಗೆ ಸೇರಿಸಿದ್ದಾನೆ ಎಂದು ಅವರಿಗೆ ದಂಡ ಹಾಕಿ, ಜೊತೆಗೆ ಆ ದಿನ ಕೋರ್ಟು ಏಳುವವರೆಗೆ ಸೆರೆ ಎಂದು ಶಿಕ್ಷೆ ವಿಧಿಸಿದರು. ಸೆರೆ ಎಂದರೆ ಕೋರ್ಟಿನ ಒಳಗೇ ಒಂದು ಮೂಲೆಯಲ್ಲಿ ಕೂತಿರುವುದು. ಸಂಜೆ ಮನೆಗೆ ಬಂದವರು ಅಕ್ಕ ಕೊಟ್ಟ ಕಾಫಿ ಮುಟ್ಟಲಿಲ್ಲ. ‘ಒಬ್ಬ ಮನುಷ್ಯ ಸತ್ತಿದ್ದಕ್ಕೆ ನನ್ನ ಸಾಯಂಕಾಲದ ತನಕ ಕೂರಿಸಿದ್ರು ಕಣೇ. ಮಧ್ಯೆ ಜವಾನ ಬಂದು ಟೀ ಬೇಕಾ ಅಂತ ಕೇಳ್ದ’ ಅಂದರು.

ಸೆಲ್ವಿ ಸ್ವಲ್ಪ ದಿನ ಬಿಟ್ಟು ಶಾಲೆಗೆ ಬಂದಳು. ತಲೆಗೆ ಎಣ್ಣೆಯಿರಲಿಲ್ಲ. ತನ್ನ ಜಾಗದಲ್ಲೇ ಕೂತು ಮಗ್ಗಿ ಹೇಳಿದಳು. ನಾನು ಅವಳ ಕಡೆ ನೋಡದೆ ಪಾಠ ಮಾಡಿದೆ. ಮುರುಗೇಶನ ಹೆಂಡತಿ ಕಣ್ಣಮ್ಮ ಕಾರ್ಖಾನೆಯ ಮನೆ ಬಿಟ್ಟು ಜನ್ನಾಪುರದ ಹಿಂದಿನ ಸಾಲಿನಲ್ಲಿ ಒಂದು ಕೋಣೆ ಹಿಡಿದಿದ್ದಳು. ಇಡ್ಲಿ ಮಾಡಿ ಮಾರುತ್ತಿದ್ದಳು. ಕಾರ್ಖಾನೆಯ ಕೆಲಸಗಾರರು ಸೇರಿ ಅವಳಿಗೊಬ್ಬ ವಕೀಲರನ್ನು ಗೊತ್ತು ಮಾಡಿ, ಶಿವಮೊಗ್ಗದ ಸಿವಿಲ್ ಕೋರ್ಟಿನಲ್ಲಿ ಪರಿಹಾರಕ್ಕೆ ದಾವೆ ಹಾಕಿಸಿದರು. ಭಾವ, ಡಾಕ್ಟರು, ವಿಮಾ ಕಂಪನಿ, ಮೂವರ ಮೇಲೂ.

ನೋಟೀಸು ಬಂದ ದಿನ ಭಾವನಿಗೆ ಒಂದು ಬಗೆಯ ಸಮಾಧಾನವೇ ಆಯಿತು. ‘ಕಂಪನಿ ಕೊಡುತ್ತೆ. ಆ ಹೆಣ್ಣುಮಗಳಿಗೆ ಒಂದು ದಾರಿ ಆಗುತ್ತೆ’ ಅಂದರು. ಅವರ ವಕೀಲ ನಂಜುಂಡಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಹಾಗಲ್ಲ ರುದ್ರಪ್ಪ. ವಿಮೆ ಮಾಡಿಸಿದ್ದು ಡಾಕ್ಟರು. ಗಾಡಿ ಕೈ ಬದಲಾಯ್ತು, ಕಂಪನಿಗೆ ಹೇಳ್ಲಿಲ್ಲ ಅಂದ್ರೆ ವಿಮೆ ಅವತ್ತೇ ಸತ್ತ ಹಾಗೆ. ಕಾಗದದ ಮೇಲೆ ತಾರೀಖು ಇದ್ದು ಪ್ರಯೋಜನ ಇಲ್ಲ. ಆಗ ನೀವು ವಿಮೆ ಇಲ್ಲದ ಕಾರು ಓಡಿಸಿ ಮನುಷ್ಯನ ಕೊಂದವರು.’

‘ಹಾಗಾದ್ರೆ?’ ಅಕ್ಕ ಕೇಳಿದಳು.

‘ಪೂರಾ ಪರಿಹಾರ ನಿಮ್ಮ ಯಜಮಾನ್ರ ತಲೆ ಮೇಲೆ. ಅಂಗಡಿ ಜಪ್ತಿ ಮಾಡ್ತಾರೆ. ಸಾಲಲಿಲ್ಲ ಅಂದ್ರೆ ಇವರನ್ನೇ ಹಿಡ್ಕೊಂಡು ಹೋಗಿ ಸಿವಿಲ್ ಜೈಲಿಗೆ ಹಾಕ್ತಾರೆ.’ ಆಮೇಲೆ ಅವರೇ ಕೇಳಿದರು: ‘ಕೈ ಬದಲಾಯ್ತಾ?’

ರಸೀದಿ ಇಲ್ಲ, ಹೆಸರು ಬದಲಾಗಿಲ್ಲ. ಡಾಕ್ಟರು ಮೈಸೂರಿಗೆ ಹೋದ ಮೇಲೆ ಪಾರ್ಶ್ವವಾಯುವಾಗಿ ಮಾತು ಬಿದ್ದು ಹಾಸಿಗೆ ಹಿಡಿದಿದ್ದರು. ಅವರ ಹೆಂಡತಿ ಅವರನ್ನು ಬಿಟ್ಟು ಎಲ್ಲಿಗೂ ಬರುವಂತಿರಲಿಲ್ಲ. ಅತ್ತೆಮ್ಮ ಊರಿಗೆಲ್ಲ ಡಾಕ್ಟರ ಕಾರು ಎಂದೇ ಹೇಳಿದ್ದರು. ನಂಜುಂಡಯ್ಯನವರು ಮತ್ತೆ ಕನ್ನಡಕ ಹಾಕಿಕೊಂಡರು. ‘ಎರವಲು ತಂದದ್ದು. ಅಷ್ಟೇ. ಎರವಲು ಅಂತಾದ್ರೆ ವಿಮೆ ಜೀವಂತ. ಆ ಹೆಂಗಸಿಗೂ ದುಡ್ಡು ಬರುತ್ತೆ, ನೀವೂ ಉಳೀತೀರಿ. ರುದ್ರಪ್ಪ, ನೀವು ಸಾಕ್ಷಿ ಕಟ್ಟೆ ಹತ್ತೋದು ಬೇಡ. ನಿಮ್ಮ ಮುಖ ಸುಳ್ಳು ಹೇಳಲ್ಲ.’

ಹೀಗೆ ಉಳಿದದ್ದು ನಾನು. ಅಪಘಾತವಾದಾಗ ಕಾರಿನಲ್ಲಿದ್ದವಳೆಂದು ಕಣ್ಣಮ್ಮನ ಕಡೆಯಿಂದ ನನಗೆ ಸಮನ್ಸು ಬಂದಿತ್ತು.

ಇದನ್ನು ಸರಿಯಾಗಿ ಹೇಳಬೇಕು. ನಾನು ಹೇಳಬೇಕಿದ್ದ ಮಾತಿನಿಂದ ಯಾರಿಗೂ ನಷ್ಟವಿರಲಿಲ್ಲ, ಆ ಕಂಪನಿಯೊಂದನ್ನು ಬಿಟ್ಟು. ಕಣ್ಣಮ್ಮನ ವಕೀಲರಿಗೂ ಅದೇ ಬೇಕಿತ್ತು, ಭಾವನ ವಕೀಲರಿಗೂ ಅದೇ. ಎರಡು ಮನೆಗಳು ಆ ಒಂದು ಮಾತಿನ ಮೇಲೆ ನಿಂತಿದ್ದವು. ಅಲ್ಲದೆ ಅದು ಪೂರಾ ಸುಳ್ಳು ಎಂದು ನನಗೆ ಅನ್ನಿಸಿರಲೂ ಇಲ್ಲ. ನಮ್ಮ ಮನೆಯ ಲೆಕ್ಕದಲ್ಲಿ ಅದು ನಿಜವಾಗಿಯೂ ಡಾಕ್ಟರ ಕಾರೇ ಆಗಿತ್ತು. ‘ಶ್ರಾವಣಕ್ಕೆ ನಿಮ್ದು’ ಎಂಬ ಮಾತನ್ನು ನಾನು ಕಿವಿಯಾರೆ ಕೇಳಿದ್ದೆ.

ಸಾಕ್ಷಿಯ ಹಿಂದಿನ ದಿನ ಕಣ್ಣಮ್ಮ ಶಾಲೆಯ ಗೇಟಿಗೆ ಬಂದಳು. ತಲೆಯ ಮೇಲೆ ಖಾಲಿ ಇಡ್ಲಿ ಪಾತ್ರೆ. ‘ಟೀಚರಮ್ಮಾ, ನಿಮ್ ಭಾವ ಅಂತ ಮರೆಮಾಚ್ಬೇಡಿ. ನೀವು ಏನು ನೋಡ್ದ್ರೋ ಅದು ಹೇಳ್ಬಿಡಿ. ಅಷ್ಟು ಪೋದುಂ, ಸಾಕು’ ಅಂದಳು. ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವಳು ಕೇಳಿದ್ದು ತನ್ನ ಗಂಡ ಸತ್ತ ರೀತಿಯನ್ನು.

ಕೋರ್ಟಿನ ಹಾಲಿನಲ್ಲಿ ಒದ್ದೆ ಕೊಡೆಗಳ ವಾಸನೆ ತುಂಬಿತ್ತು. ಮತ್ತೆ ಮಳೆಗಾಲ ಬಂದಿತ್ತು. ಹಿಂದಿನ ಬೆಂಚಿನಲ್ಲಿ ಒಂದು ತುದಿಗೆ ಭಾವ, ಅಕ್ಕ, ಅತ್ತೆಮ್ಮ. ಇನ್ನೊಂದು ತುದಿಗೆ ಕಣ್ಣಮ್ಮ. ನಡುವೆ ಖಾಲಿ. ಪ್ರಮಾಣ ಮಾಡಿದೆ. ಕಣ್ಣಮ್ಮನ ವಕೀಲರು ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿದೆ. ವೈಪರ್ ನಿಂತದ್ದು, ನಿಲ್ಲಿಸಿ ಎಂದು ನಾನು ಅಂದದ್ದು, ಅವರು ನಿಲ್ಲಿಸದೆ ಬಾಗಿದ್ದು, ಹಳದಿ ಟೋಪಿ. ಭಾವನ ಎದುರಿನಲ್ಲೇ ಹೇಳಿದೆ. ಅವರು ತಲೆಯಾಡಿಸುತ್ತಿದ್ದರು, ಸರಿ ಸರಿ ಎನ್ನುವ ಹಾಗೆ. ಆಮೇಲೆ ನಂಜುಂಡಯ್ಯನವರು ಎದ್ದು ಕಾರು ಯಾರದೆಂದು ಕೇಳಿದರು. ಡಾಕ್ಟರದು ಎಂದೆ. ನಿಮ್ಮ ಮನೆಗೆ ಹೇಗೆ ಬಂತು ಎಂದರು. ಡಾಕ್ಟರು ಊರು ಬಿಡುವಾಗ ಕೊಟ್ಟು ಹೋಗಿದ್ದರು ಎಂದೆ. ಅಷ್ಟೇ, ಕೂತರು.

ಕಂಪನಿಯ ವಕೀಲರು ವಯಸ್ಸಾದವರು. ಮೆತ್ತಗಿನ ಧ್ವನಿ. ನಮ್ಮ ಹೆಡ್‌ಮಾಸ್ಟರರ ಹಾಗೆ ಕಾಣುತ್ತಿದ್ದರು. ಹಣದ ಮಾತೇ ಎತ್ತಲಿಲ್ಲ.

‘ನೀವು ಶೈವರಲ್ವೇನಮ್ಮಾ? ಮನೇಲಿ ಆಚಾರ ಎಲ್ಲ ಚೆನ್ನಾಗಿ ನಡೆಸ್ತೀರಿ?’

‘ಹೌದು.’

‘ಒಳ್ಳೇದು. ಈ ಕಾರು ಮನೆಗೆ ಬಂತಲ್ಲ, ಪೂಜೆ ಮಾಡಿದ್ರಾ?’

ಇದು ನಮಗೆ ಅನುಕೂಲದ ಪ್ರಶ್ನೆ ಎಂದುಕೊಂಡೆ. ಪೂಜೆ ಮಾಡಿಲ್ಲವೆಂದರೆ ಕಾರು ನಮ್ಮದಲ್ಲ ಎಂದಾಗುತ್ತದೆ. ಬೇಗ ಉತ್ತರ ಕೊಟ್ಟೆ.

‘ಇಲ್ಲ ಸಾರ್. ಆಷಾಢ ಅಲ್ವಾ, ಶ್ರಾವಣದಲ್ಲಿ ಮಾಡೋಣ ಅಂತ ಇದ್ವಿ.’

ನಂಜುಂಡಯ್ಯನವರ ಕೈಯಲ್ಲಿದ್ದ ಪೆನ್ಸಿಲ್ಲು ನಿಂತಿತು. ಆ ಮುದುಕರು ಇನ್ನೂ ಮೆತ್ತಗೆ ಕೇಳಿದರು: ‘ಎರವಲು ತಂದ ಕಾರಿಗೆ ಶ್ರಾವಣದಲ್ಲಿ ಯಾರಾದ್ರೂ ಪೂಜೆ ಮಾಡ್ತಾರೇನಮ್ಮಾ?’

ನಾನು ಅಕ್ಕನ ಕಡೆ ನೋಡಿದೆ. ಅವಳು ಅತ್ತೆಮ್ಮನ ಕಡೆ ನೋಡುತ್ತಿದ್ದಳು. ಜಡ್ಜರು ಬರೆಯುವುದನ್ನು ನಿಲ್ಲಿಸಿ, ‘ಹೆದರಬೇಡಿ ಮೇಡಂ. ಡಾಕ್ಟರು ಬೀಗದ ಕೈ ಕೊಟ್ಟಾಗ ನೀವು ಅಲ್ಲೇ ಇದ್ರಾ? ಏನಾಯ್ತು ಅಂತ ಹೇಳಿ’ ಅಂದರು. ಹೇಳಿದೆ. ಹಣ ಕೈಯಿಂದ ಕೈಗೆ ಹೋದದ್ದು, ‘ಇನ್ಮೇಲೆ ಇದು ನಿಮ್ದು’ ಎಂದದ್ದು, ‘ಶ್ರಾವಣಕ್ಕೆ ನಿಮ್ದು’ ಎಂದು ತಿದ್ದಿದ್ದು. ಆ ಎರಡನೆಯ ಮಾತನ್ನೂ ದಯವಿಟ್ಟು ಬರೆದುಕೊಳ್ಳಿ ಎಂದು ಕೇಳಿಕೊಂಡೆ. ಜಡ್ಜರು ಬರೆದುಕೊಂಡರು. ಆದರೆ ಕಾನೂನಿಗೆ ಆಷಾಢ ಶ್ರಾವಣ ಎಂಬ ಮಾಸಗಳಿಲ್ಲ. ಹಣ ಹೋಯಿತು, ಬೀಗದ ಕೈ ಬಂತು, ಅಲ್ಲಿಗೆ ಕಾರು ಕೈ ಬದಲಾಯಿತು.

ಕಟ್ಟೆ ಇಳಿದು ಬರುವಾಗ ಕಣ್ಣಮ್ಮ ಎದ್ದು ನಿಂತು ನನಗೆ ಕೈ ಮುಗಿದಳು. ವಕೀಲರ ಕನ್ನಡವಾಗಲಿ ಜಡ್ಜರ ಕನ್ನಡವಾಗಲಿ ಅವಳಿಗೆ ಪೂರಾ ತಿಳಿದಿರಲಿಲ್ಲ. ನಾನು ಮಾತು ಉಳಿಸಿಕೊಂಡೆ ಎಂದಷ್ಟೇ ತಿಳಿದಿತ್ತು.

ಮನೆಗೆ ಬಂದ ಮೇಲೆ ಅಕ್ಕ ನಡುಮನೆಯಲ್ಲಿ ನನ್ನನ್ನು ನಿಲ್ಲಿಸಿದಳು. ‘ಇಲ್ಲ ಅಂದು ಬಾಯಿ ಮುಚ್ಕೊಂಡಿರೋಕೆ ನಿನಗೇನಾಗಿತ್ತೇ ಮಾರಾಯ್ತಿ? ಪೂಜೆ ಮಾಡಿದ್ರಾ ಅಂದ್ರೆ ಇಲ್ಲ. ಅಷ್ಟೇ ತಾನೇ! ಮಕ್ಕಳಿಗೆ ಪಾಠ ಬಿಡಿಸಿ ಬಿಡಿಸಿ ಹೇಳೋ ಹಾಗೆ ಆಷಾಢ, ಶ್ರಾವಣ ಅಂತ ಯಾರು ಕೇಳಿದ್ರು ನಿನ್ನ?’

‘ಬಿಡೇ. ಅವಳು ಇದ್ದದ್ದು ಹೇಳಿದ್ಲು’ ಅಂದರು ಭಾವ.

‘ಇದ್ದದ್ದು! ಇದ್ದದ್ದರಿಂದ ಯಾರ ಹೊಟ್ಟೆ ತುಂಬ್ತು ಹೇಳಿ? ಆ ತಮಿಳಿನವಳದ್ದು ತುಂಬ್ತಾ?’

ಅತ್ತೆಮ್ಮ ದೇವರ ಕೋಣೆಯ ಬಾಗಿಲಲ್ಲಿ ಕೂತಿದ್ದರು. ಎಲ್ಲದಕ್ಕೂ ಮಾತಿದ್ದ ಹೆಂಗಸು ಆಮೇಲೆ ಆ ಮನೆಯಲ್ಲಿ ಇದು ಮಾಡು, ಇದು ಬೇಡ ಎಂದು ಯಾರಿಗೂ ಹೇಳಿದ್ದನ್ನು ನಾನು ಕೇಳಲಿಲ್ಲ. ಸೊಸೆ ಮಂಗಳವಾರ ಉಗುರು ತೆಗೆದರೂ ನೋಡಿ ಸುಮ್ಮನಿರುತ್ತಿದ್ದರು.

ತೀರ್ಪಿನಲ್ಲಿ ಕಂಪನಿಯನ್ನು ಬಿಟ್ಟರು, ಡಾಕ್ಟರನ್ನೂ ಬಿಟ್ಟರು. ಭಾವ ಒಬ್ಬರೇ ಕೊಡತಕ್ಕದ್ದು ಎಂದಾಯಿತು. ಆ ತೀರ್ಪಿನ ಬೆನ್ನಿಗೇ ವಿಮೆಯಿಲ್ಲದೆ ಗಾಡಿ ಓಡಿಸಿದ್ದಕ್ಕೆ ಬೇರೆ ಕೇಸು, ಬೇರೆ ದಂಡ. ಲೈಸೆನ್ಸು ಅಮಾನತು. ಭಾವ ಅಷ್ಟರಲ್ಲಿ ಸೈಕಲ್ಲು ಹತ್ತುವುದನ್ನೂ ಬಿಟ್ಟಿದ್ದರು. ಅಂಗಡಿ ಜಪ್ತಿಯಾಯಿತು. ಕೋರ್ಟಿನ ಅಮೀನರು ಬಟ್ಟೆಯ ಥಾನುಗಳಿಗೆಲ್ಲ ಮೊಹರು ಹಾಕಿದರು. ಹರಾಜಿನ ದಿನ ಗಾಂಧಿಬಜಾರಿನ ಅಂಗಡಿಯವರೇ ಬಂದು ಕೂಗಿದರು. ಭಾವನ ಮುಖ ನೋಡಲಾರದೆ ಛಾವಣಿ ನೋಡುತ್ತ ಕೂಗಿದರು. ಆದರೂ ಕಡಿಮೆಗೇ ಕೂಗಿದರು. ಬಂದದ್ದರಲ್ಲಿ ಬಟ್ಟೆ ಗಿರಣಿಯವರ ಬಾಕಿ, ಅಂಗಡಿಯ ಬಾಡಿಗೆ, ಕೋರ್ಟಿನ ಖರ್ಚು ಹೋಗಿ ಕಣ್ಣಮ್ಮನ ಕೈಗೆ ಬಂದದ್ದು ತೀರ ಸ್ವಲ್ಪ. ಸೆಲ್ವಿ ಶಾಲೆ ಬಿಟ್ಟು ತಾಯಿಯ ಜೊತೆ ಹಿಟ್ಟು ರುಬ್ಬಲು ನಿಂತಳು. ಒಂದು ದಿನ ಕರೆಯಲು ಹೋದೆ. ‘ಬರ್ತೀನಿ ಮೇಡಂ, ಅಮ್ಮನ ಕೈ ನೋವು ಹೋದ್ಮೇಲೆ ಬರ್ತೀನಿ’ ಅಂದಳು. ಬರಲಿಲ್ಲ.

ಬಾಕಿ ಇನ್ನೂ ಬಹಳ ಉಳಿದಿತ್ತು. ಮನೆ ಅತ್ತೆಮ್ಮನ ಹೆಸರಿನಲ್ಲಿದ್ದದ್ದರಿಂದ ಅದನ್ನು ಮುಟ್ಟುವಂತಿರಲಿಲ್ಲ. ಕಣ್ಣಮ್ಮನ ವಕೀಲರು ಕೊನೆಯ ಅಸ್ತ್ರ ತೆಗೆದರು. ಬಾಕಿದಾರನನ್ನು ಹಿಡಿದು ಸಿವಿಲ್ ಜೈಲಿಗೆ ಹಾಕಿಸಿ, ಆಗ ಮನೆಯವರು ಆ ಮನೆ ಮಾರಿಯಾದರೂ ದುಡ್ಡು ತರುತ್ತಾರೆ ಎಂದು ಅರ್ಜಿ ಹಾಕಿದರು. ಭಾವ ಹಿಡಿಯಲು ಅಮೀನರು ಬರುವ ತನಕ ಕಾಯಲಿಲ್ಲ. ತಾವೇ ಕೋರ್ಟಿಗೆ ಹೊರಟರು. ಒಂದು ಚೀಲದಲ್ಲಿ ಎರಡು ಪಂಚೆ, ಒಂದು ಟವೆಲು, ವಿಭೂತಿ ಗಟ್ಟಿ. ಅಕ್ಕ ಬಾಗಿಲಿಗೆ ಬರಲಿಲ್ಲ. ಜೊತೆಗೆ ನಾನು ಹೋದೆ.

ಕಚೇರಿಯ ಜಗಲಿಯಲ್ಲಿ ಕಣ್ಣಮ್ಮ ತನ್ನ ವಕೀಲರ ಗುಮಾಸ್ತರ ಜೊತೆ ನಿಂತಿದ್ದಳು. ಒಳಗಿನ ಶಿರಸ್ತೇದಾರರು ಕಾಗದ ನೋಡಿ, ‘ಎಲ್ಲ ಸರಿ ಇದೆ. ಬತ್ತೆ ಕಟ್ಟಿಬಿಡಿ’ ಅಂದರು.

‘ಎನ್ನಾ ಬತ್ತೆ?’ ಎಂದಳು ಕಣ್ಣಮ್ಮ.

ಗುಮಾಸ್ತರು ವಿವರಿಸಿದರು. ಸಿವಿಲ್ ಜೈಲಿಗೆ ಹಾಕಿಸಿದವರೇ ಒಳಗಿರುವವನ ಊಟದ ಖರ್ಚು ಕೊಡಬೇಕು. ತಿಂಗಳು ತಿಂಗಳು ಮುಂಚಿತವಾಗಿ ಕಟ್ಟಬೇಕು. ಕಟ್ಟದಿದ್ದರೆ ಬಿಟ್ಟುಬಿಡುತ್ತಾರೆ. ಕಾನೂನು ಹಾಗಿದೆ.

ಅವಳು ಎರಡು ಸಲ ಹೇಳಿಸಿಕೊಂಡಳು. ಮೂರನೇ ಸಲ ತಾನೇ ಹೇಳಿ ಸರಿಯೇ ಎಂದು ಕೇಳಿದಳು: ‘ನನ್ ಗಂಡನ ಸಾಯಿಸ್ದವ್ರಿಗೆ ನಾನು ದಿನಾ ಸೋರು, ಊಟ ಹಾಕ್ಬೇಕು?’

ಸುತ್ತ ನಿಂತಿದ್ದವರಲ್ಲಿ ಯಾರೋ ನಕ್ಕರು. ‘ಇಡ್ಲಿ ಮಾಡ್ತೀಯಲ್ಲಮ್ಮ, ನಾಲ್ಕು ಜಾಸ್ತಿ ಹಾಕು’ ಅಂದ ಒಬ್ಬ. ಕಣ್ಣಮ್ಮ ಅವನ ಕಡೆ ತಿರುಗಲಿಲ್ಲ. ಸೊಂಟದ ಚೀಲ ಬಿಚ್ಚಿ ಒಳಗೆ ನೋಡಿದಳು, ಮತ್ತೆ ಕಟ್ಟಿದಳು. ಗುಮಾಸ್ತರು ಅವಸರ ಮಾಡಿದರು, ಇದೊಂದೇ ದಾರಿ ಉಳಿದಿರುವುದು, ಒಂದೆರಡು ತಿಂಗಳು ಹೇಗಾದರೂ ಕಟ್ಟು ಎಂದರು. ‘ವೇಣಾಂ’ ಎಂದಳು. ಹಾಗಾದರೆ ಬೇಡವೆಂದು ಹೆಬ್ಬೆಟ್ಟು ಹಾಕು, ಆಮೇಲೆ ನಮ್ಮ ಸಾಹೇಬರನ್ನು ಅನ್ನಬೇಡ ಎಂದು ಅವರು ಸಿಟ್ಟಿನಿಂದ ಹೇಳಿದರು. ಹಾಕಿದಳು.

ಆಮೇ‌ಲೆ ಭಾವ ನಿಂತಿದ್ದಲ್ಲಿಗೆ ಬಂದಳು. ಆಸ್ಪತ್ರೆಯ ಆ ಸಂಜೆಯಿಂದ ಅವರಿಬ್ಬರೂ ಒಂದು ಮಾತೂ ಆಡಿರಲಿಲ್ಲ. ಹೆಬ್ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು:

‘ಮನೆಗ್ ಹೋಗಿ ಸಾರ್. ನಿಮ್ಗೆ ಹಾಕೋಕೆ ನನ್ ಹತ್ರ ಅನ್ನ ಇಲ್ಲ.’

ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. ಕೊಡೆಯಿಲ್ಲದೆ ಮಳೆಯಲ್ಲೇ ಮೆಟ್ಟಿಲಿಳಿದು ಸ್ಟೇಷನ್ನಿನ ಕಡೆ ನಡೆದಳು. ನಾನು ಹಿಂದೆ ಹೋಗಲು ಎರಡು ಹೆಜ್ಜೆ ಇಟ್ಟೆ. ಆಮೇಲೆ ನಿಂತೆ.

ತಿರುಗಿ ನೋಡಿದರೆ ಭಾವ ಶಿರಸ್ತೇದಾರರ ಕಿಟಕಿಯ ಮುಂದಿದ್ದರು. ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದರು. ಅಂಗಡಿಗೆ ಬಂದ ಬಡ ಗಿರಾಕಿ ಇದ್ದುದರಲ್ಲಿ ಅಗ್ಗದ್ದನ್ನು ಕೇಳುವ ಹಾಗೆ, ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು.

‘ಆ ಊಟದ ದುಡ್ಡು ನಾನೇ ಕಟ್ಟಿದ್ರೆ ಆಗುತ್ತಾ ಸ್ವಾಮೀ? ಕಟ್ಟಿದ್ರೆ ನನ್ನ ಒಳಗೆ ಹಾಕ್ತೀರಾ?’

‘ಅದಕ್ಕೆ ಕಾನೂನಿಲ್ಲ ಯಜಮಾನ್ರೇ’ ಎಂದು ಅವರು ಕಿಟಕಿ ಹಾಕಿಕೊಂಡರು.